ಬೂದು ಸೀರೆಗೆ ದಾಳಿಂಬೆ ಖಣ

12 ನವೆಂಬರ್ 2025, ಬುಧವಾರ
ಧಾರವಾಡ

"ಅಕ್ಕಾರ, ಬಣ್ಣದ ಅರಿವಿ ಹಾಕ್ಕೊಂಡ್ರ ಎಲ್ಲಾರೂ ನನ್ನೇ ನೋಡಾಕತ್ತಾರ ಅನಸ್ತದ್ರಿ" ಅಂದಳು ಮೇಘಾ. ಬೂದು ಕಾಟನ್ ಸೀರೆ ತಂದಿದ್ದಳು, ಬ್ಲೌಸ್ ಪೀಸೂ ಬೂದೇ. ಫೋನಿನಲ್ಲಿ ಕಪಾಟಿನ ಫೋಟೊ ತೋರಿಸಿದಳು: ಕಪ್ಪು, ಬಿಳಿ, ಬೂದು, ಗಂಧದ ಬಣ್ಣ, ಮತ್ತೆ ಕಪ್ಪು. ಬಣ್ಣ ಬೇಕಂತೆ, ಆದರೆ ಹೆದರಿಕೆಯಂತೆ.

ಇಳಕಲ್ ಸೀರೆ ನೋಡವಾ ಅಂದೆ. ಒಡಲು ಯಾವ ಬಣ್ಣದ್ದೇ ಇರಲಿ, ಹಳೇ ಪದ್ಧತಿಯ ಸೆರಗು ಕೆಂಪು, ಅದರ ಮೇಲೆ ಬಿಳಿ ತೋಪು-ತೆನಿ ಚಿತ್ತಾರ. ಒಡಲಿನ ಹಾಸಿನ (ಉದ್ದಕ್ಕೆ ಓಡುವ) ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ, ಹೀಗಾಗಿ ಆ ಕೆಂಪು ಹಾಸು ಒಡಲಿಗೆ ಬರುವುದಿಲ್ಲ. ಕಪ್ಪು ಒಡಲಿನ ಚಂದ್ರಕಾಳಿ ಸೀರೆ ಉಟ್ಟವರನ್ನು ಬಣ್ಣಗೇಡಿ ಎಂದು ಯಾರಾದರೂ ಅಂದಾರೆಯೇ? ಬಣ್ಣ ಒಂದೇ ಕಡೆ ಇರಲಿ, ಗಾಢವಾಗಿರಲಿ. ಮೈತುಂಬ ತೆಳು ಗುಲಾಬಿ ಹಾಕಿಕೊಳ್ಳುವುದಕ್ಕಿಂತ ಬ್ಲೌಸಿನಷ್ಟು ಜಾಗದಲ್ಲಿ ದಾಳಿಂಬೆ ಕೆಂಪು ಹಾಕಿಕೊಳ್ಳುವುದು ಸುಲಭ.

ಮೊದಲು ಬೂದು ಯಾವ ಬೂದು ಎಂದು ತಿಳಿಯಬೇಕು. ಹಗಲಲ್ಲಿ, ಕಿಟಕಿ ಹತ್ತಿರ, ಸೀರೆಯ ಮಗ್ಗುಲಿಗೆ ಬಿಳಿ ಹಾಳೆ ಇಟ್ಟರೆ ಗೊತ್ತಾಗುತ್ತದೆ. ಕೆಲವು ನೀಲಿಗೆ ವಾಲುತ್ತವೆ, ಕೆಲವು ಮಣ್ಣಿಗೆ. ನೀಲಿಗೆ ವಾಲಿದ್ದಕ್ಕೆ ಜಾಂಬಳಿ (ನೇರಳೆ), ನವಿಲು ನೀಲಿ, ದಾಳಿಂಬೆ ಕೆಂಪು. ಮಣ್ಣಿಗೆ ವಾಲಿದ್ದಕ್ಕೆ, ಗಂಧದ ಬಣ್ಣಕ್ಕೂ, ಇಟ್ಟಂಗಿ ಕೆಂಪು, ಸಾಸಿವೆ, ಮೆಹಂದಿ ಹಸಿರು. ಅಂಗಡಿಯ ಬೆಳಕನ್ನು ನಂಬಬಾರದು. ಬಟ್ಟೆಯನ್ನು ಬಾಗಿಲ ಹೊರಗೆ ತಂದು ನೋಡುತ್ತೇನೆ ಎಂದರೆ ಯಾವ ಅಂಗಡಿಯವರೂ ಬೇಡ ಅನ್ನುವುದಿಲ್ಲ.

ಮೇಘಾಳ ಸೀರೆ ನೀಲಿ ಬೂದು. ಗುಳೇದಗುಡ್ಡದ ಖಣ, ಅಂದರೆ ಅಲ್ಲಿ ನೇಯುವ ಬ್ಲೌಸ್ ಬಟ್ಟೆ, ತೆಗೆದು ಹರವಿದೆ, ದಾಳಿಂಬೆ ಹಾಸು, ಕಪ್ಪು ಹೊಕ್ಕು (ಅಡ್ಡ ಎಳೆ). ಹೆದರುವವರಿಗೆ ಇಂಥ ಖಣವೇ ಸರಿ. ನೇರ ನೋಡಿದರೆ ಕಪ್ಪು ಕೆಂಪನ್ನು ತಗ್ಗಿಸುತ್ತದೆ, ತೋಳು ಎತ್ತಿದಾಗ ಕೆಂಪು ಮೇಲೇಳುತ್ತದೆ. ಕಪ್ಪು ಎಳೆ ಒಳಗೇ ಇರುವುದರಿಂದ ಕಪಾಟಿನ ಅರ್ಧ ಬಟ್ಟೆಗೆ ಅದು ಮೊದಲೇ ನೆಂಟ. ಅವಳು ಅದನ್ನು ಭುಜದ ಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಬಹಳ ಹೊತ್ತು ನಿಂತಳು.

ಖಣದ ಪನ್ನ (ಅಗಲ) ಕಡಿಮೆ, ಸುಮಾರು 31-32 ಇಂಚು. ಮಾಮೂಲಿ ಬ್ಲೌಸ್ ಬಟ್ಟೆಯ ಲೆಕ್ಕದಲ್ಲಿ ಒಂದು ಮೀಟರ್ ತಂದರೆ ತೋಳಿಗೆ ಸಾಲುವುದಿಲ್ಲ. 36ರ ಎದೆಯಳತೆ, ಮೊಳಕೈ ತನಕ ತೋಳು ಎಂದರೆ 1.25 ಮೀಟರ್ ಬೇಕು, ಉದ್ದ ತೋಳಿಗೆ 1.5. ಅಂಚು ಎರಡೂ ಬದಿಗೆ ಇರುತ್ತದೆ. ಅದು ತೋಳಿನ ಕೊನೆಗೆ ಬರಬೇಕಾದರೆ ತೋಳನ್ನು ಅಡ್ಡಕ್ಕೆ ಕತ್ತರಿಸಬೇಕು, ಕತ್ತರಿ ಹಾಕುವ ಮೊದಲೇ ಟೇಲರ್‌ಗೆ ಹೇಳಬೇಕು. ಕತ್ತರಿಸಿದ ತುದಿಯಲ್ಲಿ ಎಳೆ ಬಿಚ್ಚಿಕೊಳ್ಳುತ್ತದೆ, ಓವರ್‌ಲಾಕ್ ಹೊಲಿಗೆ ಬೇಕೇ ಬೇಕು, ಒಳಗೆ ಒಂದಿಂಚು ಮಾರ್ಜಿನ್ ಬಿಡಬೇಕು.

ಲೈನಿಂಗ್ ಬಿಳಿ ಹಾಕಲೇಬಾರದು. ಕಂಕುಳ ಬೆವರಿಗೆ ಕೆಂಪು ಇಳಿದು ಬಿಳಿ ಲೈನಿಂಗ್ ಕಲೆಯಾಗುತ್ತದೆ. ಕಪ್ಪು ಟೂ ಬೈ ಟೂ (ಲೈನಿಂಗಿನ ಕಾಟನ್ ಬಟ್ಟೆ) ತಂದು, ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ, ಮೇಲಿನ ಖಣ ಹೊಲಿಗೆಯುದ್ದಕ್ಕೂ ಸುಕ್ಕುಗಟ್ಟುತ್ತದೆ. ಬಣ್ಣ ಬಿಡುತ್ತದೋ ಇಲ್ಲವೋ ನೋಡಲು ಒದ್ದೆ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಹತ್ತು ಸಲ ತಿಕ್ಕಿದರೆ ಸಾಕು.

"ಉಪ್ಪು ನೀರಿನ್ಯಾಗ ನೆನಿ ಇಟ್ರ ಬಣ್ಣ ನಿಲ್ತದ ಅಂತಾಳಲ್ರಿ ನಮ್ಮವ್ವ?"

ನಿಲ್ಲುವುದಿಲ್ಲ. ಉಪ್ಪು ಉಪಯೋಗಕ್ಕೆ ಬರುವುದು ಬಣ್ಣ ಹಾಕುವಾಗ, ಬಣ್ಣ ಎಳೆಗೆ ಹಿಡಿಯಲು. ತಯಾರಾದ ಬಟ್ಟೆಯಲ್ಲಿ ಹೆಚ್ಚಾಗಿ ಉಳಿದ ಬಣ್ಣವನ್ನು ಅದು ತಡೆಯುವುದಿಲ್ಲ. ತಣ್ಣೀರಲ್ಲಿ ಬೇರೆಯಾಗಿಯೇ ಒಗೆದು, ನೀರು ತಿಳಿಯಾಗುವವರೆಗೆ ಜಾಲಿಸಿ, ತಕ್ಷಣ ನೆರಳಲ್ಲಿ ಹರವಬೇಕು. ಒದ್ದೆ ಬಟ್ಟೆ ಮಡಚಿ ಬಕೆಟ್ಟಿನಲ್ಲಿ ಬಿಟ್ಟರೆ ಕೆಂಪು ಅಲ್ಲೇ ಅಂಚಿಗೆ ದಾಟುತ್ತದೆ.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು, ಸಾಸಿವೆ ಬಣ್ಣದ ಕುರ್ತಾ ಒಂದು ಚೀಟಿ ಕೀಳದೆ ಹಾಗೇ ಇದೆಯಂತೆ. ಮುಖಕ್ಕೆ ಅಷ್ಟು ಹತ್ತಿರ, ಅಷ್ಟು ದೊಡ್ಡ ಹಳದಿ ಎಂದರೆ ಎಂಥವರಿಗೂ ಮುಜುಗರವೇ. ಕೊರಳಿಗೆ ಬೂದು ದುಪಟ್ಟಾ ಸುತ್ತಿಕೊಂಡರೆ ಹಳದಿ ಮುಖದಿಂದ ದೂರ ಸರಿಯುತ್ತದೆ, ಅಷ್ಟಕ್ಕೇ ಎಷ್ಟೋ ಹಗುರ. ಆಗಲೂ ಒಗ್ಗದಿದ್ದರೆ ಮೇಲೆ ನೀಲಿ ಹಾಕಿಸಬಹುದು, ಮೆಹಂದಿ ಹಸಿರಿನ ಹತ್ತಿರ ಬಂದೀತು. ಅದಕ್ಕೆ ಬಟ್ಟೆ ಕಾಟನ್ ಇಲ್ಲವೇ ರೇಯಾನ್ ಆಗಿರಬೇಕು. ಒಳಹೊಲಿಗೆಯ ಅಂಚಿನಿಂದ ಬಟ್ಟೆಯದೇ ಒಂದು ಎಳೆ ಕಿತ್ತು ಸುಟ್ಟು ನೋಡು ಅಂದೆ: ಕಾಗದ ಸುಟ್ಟ ವಾಸನೆ, ಪುಡಿ ಬೂದಿ ಬಂದರೆ ಕಾಟನ್ ಇಲ್ಲವೇ ರೇಯಾನ್, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಹೊಲಿದ ದಾರ ಮಾತ್ರ ಸಾಮಾನ್ಯವಾಗಿ ಪಾಲಿಯೆಸ್ಟರೇ, ಅದು ಬಣ್ಣ ಕುಡಿಯುವುದಿಲ್ಲ, ಹಸಿರು ಕುರ್ತಾದ ಮೇಲೆ ಹಳದಿ ಹೊಲಿಗೆ ಉಳಿಯುತ್ತದೆ. ಹಾಗೇ ಬಿಟ್ಟರೂ ಚಂದವೇ.