ಕಾಫಿ ಕುಯ್ದ ಬೆರಳಿಗೆ ಓಗೊಡದ ಟ್ಯಾಬ್

ಚಿಕ್ಕಮಗಳೂರಿನಲ್ಲಿ ಹಿರಿಯರ ಹಗಲು ಕೇಂದ್ರವೊಂದರಲ್ಲಿ ಚಟುವಟಿಕೆ ನಡೆಸುವುದು ನನ್ನ ಕೆಲಸ. ಹಾಡು, ಕೈಕಾಲಿನ ವ್ಯಾಯಾಮ, ಚೌಕಾಬಾರ ಎಲ್ಲ ಮೊದಲಿಂದಲೂ ಇತ್ತು. ಹೋದ ಮಳೆಗಾಲದಲ್ಲಿ ನಾಲ್ಕು ಟ್ಯಾಬ್ ಬಂದವು. ಜೋಡಿ ಚಿತ್ರ ಹುಡುಕುವುದು, ಹೇಳಿದ ಬಣ್ಣ ಬಂದ ತಕ್ಷಣ ಮುಟ್ಟುವುದು, ಇಂಥ ಆಟಗಳು ಅದರಲ್ಲಿದ್ದವು. ಆಟ ಮುಗಿದ ಮೇಲೆ ಟ್ಯಾಬೇ ಅಂಕ ಕೊಡುತ್ತದೆ.

ಒಬ್ಬ ಅಜ್ಜಿಯ ಅಂಕ ವಾರ ವಾರಕ್ಕೂ ಕೆಳಗಿಳಿಯುತ್ತಿತ್ತು. ಮೂಡಿಗೆರೆ ಕಡೆಯ ತೋಟದಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಫಿ ಕುಯ್ದವರು. ‘ಪ್ರತಿಕ್ರಿಯೆ ನಿಧಾನ’ ಎಂದು ಟ್ಯಾಬ್ ತೋರಿಸಿದ್ದನ್ನು ನಾನು ಹಾಗೇ ಅವರ ಪುಸ್ತಕದಲ್ಲಿ ಬರೆದೆ. ಕರೆದುಕೊಂಡು ಹೋಗಲು ಬಂದ ಮಗಳಿಗೂ ಹೇಳಿದೆ. ಆಕೆ ಏನೂ ಮಾತಾಡದೆ ಅಮ್ಮನ ಚಪ್ಪಲಿ ಹುಡುಕತೊಡಗಿದರು. ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಮರುದಿನ ಅಜ್ಜಿಯ ಪಕ್ಕದಲ್ಲೇ ಕೂತೆ. ಅಂಕ ನೋಡುವುದು ಬಿಟ್ಟು ಅವರ ಕೈಯನ್ನೇ ನೋಡಿದೆ. ಚಿತ್ರ ಬಂದ ಕೂಡಲೇ ಬೆರಳು ಸರಿಯಾದ ಜಾಗಕ್ಕೇ ಹೋಯಿತು. ಟ್ಯಾಬ್ ಸುಮ್ನೆ ಇತ್ತು. ಎರಡನೇ ಸಲ ಮುಟ್ಟಿದರು, ಆಗಲೂ ಇಲ್ಲ. ಮೂರನೇ ಸಲ ಒತ್ತಿ ಹಿಡಿದಾಗ ಬೇರೆ ಏನೋ ತೆರೆದುಕೊಂಡಿತು. “ನಾ ಮುಟ್ಟಿದೆ ಕಣವ್ವ, ಈ ಟ್ಯಾಬಿಗೇ ಕೇಳಿಸ್ಲಿಲ್ಲ” ಎಂದರು.

ಈ ಪರದೆಗಳು ಬೆರಳಿನ ಒತ್ತಡವನ್ನು ಗುರುತಿಸುವುದಿಲ್ಲ. ಚರ್ಮ ತಾಗಿದಾಗ ಆಗುವ ಸಣ್ಣ ವಿದ್ಯುತ್ ಬದಲಾವಣೆಯನ್ನು ಗುರುತಿಸುತ್ತವೆ. ವಯಸ್ಸಾದಂತೆ ಚರ್ಮ ಒಣಗುತ್ತದೆ. ದುಡಿದ ಬೆರಳಿನ ತುದಿ ಗಟ್ಟಿಯಾಗಿ ಜಡ್ಡುಗಟ್ಟಿರುತ್ತದೆ. ಅಂಥ ಬೆರಳನ್ನು ಪರದೆ ಹಲವು ಸಲ ಗುರುತಿಸುವುದೇ ಇಲ್ಲ. ರಬ್ಬರ್ ತುದಿಯ ಟಚ್ ಪೆನ್ ತಂದುಕೊಟ್ಟೆ. ಒತ್ತಿ ಹಿಡಿಯುವ ಸಮಯವನ್ನು ಸೆಟ್ಟಿಂಗ್ಸ್‌ನಲ್ಲಿ ಹೆಚ್ಚಿಸಿದೆ. ಆ ವಾರವೇ ಅಜ್ಜಿಯ ಅಂಕ ಮೇಲೇರಿತು.

ಆಮೇಲೆ ಉಳಿದವರನ್ನೂ ಹೀಗೇ ಕೂತು ನೋಡಿದೆ. ಒಬ್ಬ ತಾತ ನೀಲಿ, ಹಸಿರು ಬಣ್ಣದಲ್ಲೇ ತಪ್ಪುತ್ತಿದ್ದರು. ವಯಸ್ಸಿಗೆ ಕಣ್ಣಿನ ಮಸೂರ ಹಳದಿಯಾದರೆ ಈ ಎರಡು ಬಣ್ಣ ಬೇರೆ ಮಾಡುವುದು ಕಷ್ಟ. ಅವರಿಗೆ ಬೇಕಿದ್ದದ್ದು ಕಣ್ಣಿನ ಪರೀಕ್ಷೆ. ಇನ್ನೊಬ್ಬರಿಗೆ ಟ್ಯಾಬ್ ಹೇಳುವ ಸೂಚನೆಯೇ ಕೇಳುತ್ತಿರಲಿಲ್ಲ. ಈಗ ಆಟಕ್ಕೆ ಮುಂಚೆ ಕನ್ನಡಕ, ಕಿವಿ, ಬೆರಳು ಮೂರನ್ನೂ ನೋಡುತ್ತೇನೆ. ಮೊದಲ ಎರಡು ವಾರದ ಅಂಕ ಬರೆದುಕೊಳ್ಳುವುದೇ ಇಲ್ಲ. ಅಷ್ಟು ದಿನ ಅವರು ಕಲಿಯುವುದು ಟ್ಯಾಬ್ ಹಿಡಿಯುವುದನ್ನು, ಅಲ್ವಾ?

ಮನೆಯವರು ಕೇಳುವುದು ಒಂದೇ ಪ್ರಶ್ನೆ: ಇದನ್ನು ಆಡಿದರೆ ಮರೆವು ಬರಲ್ವಾ? ಹಾಗಂತ ನಾನು ಮಾತು ಕೊಡುವುದಿಲ್ಲ. ಅಮೆರಿಕದಲ್ಲಿ 65 ದಾಟಿದ 2,802 ಜನರ ಮೇಲೆ ‘ಆ್ಯಕ್ಟಿವ್’ ಎಂಬ ದೊಡ್ಡ ಅಧ್ಯಯನ ನಡೆಯಿತು. ನೆನಪು, ತರ್ಕ, ಬೇಗ ಗುರುತಿಸುವುದು, ಹೀಗೆ ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ತರಬೇತಿ. 2002ರಲ್ಲಿ ಬಂದ ಮೊದಲ ಫಲಿತಾಂಶದಲ್ಲಿ ಕಂಡದ್ದು, ಯಾರು ಯಾವುದನ್ನು ಅಭ್ಯಾಸ ಮಾಡಿದರೋ ಅದರಲ್ಲೇ ಸುಧಾರಿಸಿದರು. 10 ವರ್ಷದ ನಂತರವೂ ತರ್ಕ ಮತ್ತು ವೇಗದ ಲಾಭ ಉಳಿದಿತ್ತು, ನೆನಪಿನ ತರಬೇತಿಯ ಲಾಭ ಉಳಿದಿರಲಿಲ್ಲ. ಅದಕ್ಕೇ ನಾನು ಬರೀ ಜೋಡಿ ಚಿತ್ರದ ಆಟಕ್ಕೆ ನಿಲ್ಲುವುದಿಲ್ಲ. ಅವರವರ ಮಾತ್ರೆಯ ಡಬ್ಬಿ, ಸಂತೆಯ ಸಾಮಾನು, ಮೊಮ್ಮಕ್ಕಳ ಮುಖ, ಇವುಗಳ ಫೋಟೋ ಹಾಕಿ ಆಡಿಸುತ್ತೇನೆ. ಬದುಕಿಗೆ ಬೇಕಾದದ್ದನ್ನೇ ಅಭ್ಯಾಸ ಮಾಡಲಿ ಎಂಬುದು ನನ್ನ ಆಸೆ.

ಅಜ್ಜಿಯ ಪುಸ್ತಕದಲ್ಲಿ ಬರೆದಿದ್ದ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಿದೆ. ಸಂಜೆ ಮಗಳು ಬಂದಾಗ ಅದನ್ನು ತೋರಿಸಿ, ತಪ್ಪು ನನ್ನದು ಎಂದೆ. ಆಕೆ ಅಮ್ಮನ ಕೈ ಹಿಡಿದು ಆ ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿದರು.