ಕಾಲೇಜು ಮುಚ್ಚಿದರೂ ಬಾಡಿಗೆ ಓಡುತ್ತಲೇ ಇರುತ್ತದೆ

2020ರ ಮಾರ್ಚ್‌ನಲ್ಲಿ ತರಗತಿಗಳು ನಿಂತಾಗ ಬೆಂಗಳೂರಿನಲ್ಲಿ ಓದುತ್ತಿದ್ದ ಎಷ್ಟೋ ವಿದ್ಯಾರ್ಥಿಗಳು ಒಂದು ಬ್ಯಾಗ್ ಹಿಡಿದು ಊರಿಗೆ ಹೋದರು. ಸಾಮಾನು ರೂಮಿನಲ್ಲೇ ಉಳಿಯಿತು, ಬಾಡಿಗೆ ಓಡುತ್ತಲೇ ಇತ್ತು. ತಿಂಗಳಿಗೆ 20,000 ಬಾಡಿಗೆ, 1,00,000 ಅಡ್ವಾನ್ಸ್ ಇರುವ ಮನೆ ಎಂದುಕೊಳ್ಳಿ. ನೋಟಿಸ್ ಕೊಡದೆ ಮೂರು ತಿಂಗಳು ಕಳೆದರೆ 60,000 ಹೋಯಿತು. ಆಮೇಲೆ ಕೊಟ್ಟ ನೋಟಿಸಿಗೆ ಒಂದು ತಿಂಗಳು, ಪೇಂಟಿಂಗ್ ಹೆಸರಲ್ಲಿ ಇನ್ನೊಂದು ತಿಂಗಳ ಬಾಡಿಗೆ. ಅಲ್ಲಿಗೆ ಅಡ್ವಾನ್ಸ್ ಸೊನ್ನೆ.

ಆಗ ತುಂಬ ಜನ ತಪ್ಪಾಗಿ ಓದಿಕೊಂಡ ಆದೇಶವೊಂದಿದೆ. ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು, ವಿಪತ್ತು ನಿರ್ವಹಣಾ ಕಾಯ್ದೆಯಡಿ, ಒಂದು ತಿಂಗಳು ಬಾಡಿಗೆ ಕೇಳಬಾರದು ಎಂದಿತು. ಆದರೆ ಅದು ವಲಸಿಗರೂ ಸೇರಿದಂತೆ ಕಾರ್ಮಿಕರಿಗೆ ಹೇಳಿದ ಮಾತು. ವಿದ್ಯಾರ್ಥಿಗಳ ಹೆಸರು ಬಂದದ್ದು ಮುಂದಿನ ಸಾಲಿನಲ್ಲಿ: ಅವರನ್ನು ಬಲವಂತವಾಗಿ ಖಾಲಿ ಮಾಡಿಸುವ ಮಾಲೀಕರ ಮೇಲೆ ಕ್ರಮ ಎಂದು. ಹೊರಗೆ ಹಾಕುವಂತಿಲ್ಲ ಎಂದಿತೇ ಹೊರತು ವಿದ್ಯಾರ್ಥಿಗಳ ಬಾಡಿಗೆ ಮಾಫಿ ಎನ್ನಲಿಲ್ಲ.

ಕಾನೂನೂ ಅಷ್ಟಾಗಿ ಕೈಹಿಡಿಯುವುದಿಲ್ಲ. ಕರಾರು ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ನೆರವೇರಿಸಲು ಅಸಾಧ್ಯವಾದ ಕರಾರು ಬಿದ್ದುಹೋಗುತ್ತದೆ; ಆದರೆ ಆ ಸೆಕ್ಷನ್ ಲೀಸ್‌ಗೆ, ಅಂದರೆ ಮನೆಯ ಸ್ವಾಧೀನ ಕೊಡುವ ಬಾಡಿಗೆ ಕರಾರಿಗೆ, ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಬಿಡುಗಡೆ ಕೊಡುವುದು ಕಟ್ಟಡ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾತ್ರ. ದೆಹಲಿಯ ಖಾನ್ ಮಾರ್ಕೆಟ್‌ನ ಅಂಗಡಿಯೊಂದರ ವಿಷಯದಲ್ಲಿ ಅಲ್ಲಿನ ಹೈಕೋರ್ಟ್ 2020ರ ಮೇ 21ರಂದು ಇದೇ ದಾರಿ ಹಿಡಿಯಿತು: ಲಾಕ್‌ಡೌನ್‌ನಿಂದ ತಾತ್ಕಾಲಿಕವಾಗಿ ಬಳಸಲಾಗಲಿಲ್ಲ ಎಂದರೆ ಬಾಡಿಗೆ ನಿಲ್ಲದು, ಕಟ್ಟಲು ಸ್ವಲ್ಪ ಸಮಯ ಸಿಗಬಹುದು ಅಷ್ಟೇ. ಹಾಗಾಗಿ ಕರಾರಿನಲ್ಲಿ ಬರೆದದ್ದೇ ನಿಮ್ಮ ರಕ್ಷಣೆ.

ಪಿಜಿ ಬೇರೆ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಲೀಸ್ ಅಲ್ಲ, ಇರಲು ಅನುಮತಿ. ಆದ್ದರಿಂದ 1968ರ ಆ ಮಾತು ಅಲ್ಲಿ ನೇರವಾಗಿ ಅಡ್ಡ ಬರುವುದಿಲ್ಲ. ಪಿಜಿ ಸೇರುವಾಗ ರೂಮಿಗೆಷ್ಟು, ಊಟಕ್ಕೆಷ್ಟು ಎಂದು ರಶೀದಿಯಲ್ಲಿ ಬೇರೆಬೇರೆ ಬರೆಸಿಕೊಳ್ಳಿ. ಒಟ್ಟು ಮೊತ್ತ ಮಾತ್ರ ಇದ್ದರೆ, ಅಡುಗೆಮನೆ ಮುಚ್ಚಿದ ತಿಂಗಳಲ್ಲೂ ಊಟದ ದುಡ್ಡು ಬಿಡಿಸುವುದು ಬಹಳ ಕಷ್ಟ.

ಮನೆ ಹಿಡಿಯುವವರು ಮುದ್ರಿತ ಕರಾರಿನಲ್ಲಿ 'ಫೋರ್ಸ್ ಮೆಜರ್' (ಯಾರ ಕೈಯಲ್ಲೂ ಇಲ್ಲದ ಅನಾಹುತ) ಎಂದಿದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ನೀರು, ಕರೆಂಟು ಕೊಡಲಾಗದಿದ್ದರೆ ತಾನು ಹೊಣೆಯಲ್ಲ ಎಂದು ಮಾಲೀಕರು ತಮಗಾಗಿ ಹಾಕಿಸಿಕೊಂಡ ಸಾಲು ಅದಾಗಿರಬಹುದು. ಬೇಕಾದದ್ದು ಇಂಥ ಮಾತು (ಲಾಕ್-ಇನ್ ಎಂದರೆ ಕನಿಷ್ಠ ಇಷ್ಟು ತಿಂಗಳು ಇರಲೇಬೇಕು ಎಂದು ಕರಾರಿನಲ್ಲಿ ಬರೆದ ಅವಧಿ): "ಸರ್ಕಾರದ ಅಥವಾ ವಿಶ್ವವಿದ್ಯಾಲಯದ ಲಿಖಿತ ಆದೇಶದಿಂದ ಸತತ 30 ದಿನ ಕಾಲೇಜಿನಲ್ಲಿ ತರಗತಿ ನಡೆಯದಿದ್ದರೆ, ಬಾಡಿಗೆದಾರರು 15 ದಿನಗಳ ನೋಟಿಸ್ ಕೊಟ್ಟು, ಲಾಕ್-ಇನ್ ದಂಡವಿಲ್ಲದೆ ಕರಾರು ಮುಗಿಸಬಹುದು. ಪ್ರಯಾಣ ನಿರ್ಬಂಧದಿಂದ ಸಾಮಾನು ತೆಗೆಯಲಾಗದ ದಿನಗಳಿಗೆ ಬಾಡಿಗೆಯ ಶೇಕಡ 25 ಮಾತ್ರ ಕೊಡತಕ್ಕದ್ದು. ಬೀಗದ ಕೈ ಒಪ್ಪಿಸಿದ 15 ದಿನಗಳೊಳಗೆ ಅಡ್ವಾನ್ಸ್ ಹಿಂದಿರುಗಿಸತಕ್ಕದ್ದು. ವಾಟ್ಸಾಪ್, ಇಮೇಲ್ ಮೂಲಕ ಕೊಟ್ಟ ನೋಟಿಸೂ ಸಿಂಧು." ಶೇಕಡ 25ಕ್ಕೆ ಮಾಲೀಕರು ಒಪ್ಪದಿದ್ದರೆ 50ಕ್ಕೆ ಬನ್ನಿ, ಮೊದಲ ವಾಕ್ಯವನ್ನು ಮಾತ್ರ ಬಿಟ್ಟುಕೊಡಬೇಡಿ. ನಾಲ್ವರು ಸೇರಿ ಇರುವ ಮನೆಗೆ ಒಬ್ಬರೇ ಸಹಿ ಹಾಕಿದರೆ ಉಳಿದ ಮೂವರು ಹೋದ ದಿನ ಪೂರ್ತಿ ಬಾಡಿಗೆ ಆ ಒಬ್ಬರ ತಲೆಗೇ. ನಾಲ್ವರ ಹೆಸರೂ, ತಲಾ ಪಾಲೂ, ಬದಲಿಗೆ ಬೇರೆಯವರನ್ನು ತರುವ ಅವಕಾಶವೂ ಕರಾರಿನಲ್ಲಿರಲಿ. 18 ತುಂಬದವರ ಸಹಿಗೆ ಬೆಲೆಯಿಲ್ಲ, ಪೋಷಕರು ಹಾಕಬೇಕು.

ಕಾಲೇಜು ಮುಚ್ಚುವ ಸುತ್ತೋಲೆ ಬಂದ ವಾರದಲ್ಲೇ ನಿರ್ಧಾರ ಮಾಡಿ. "ನೋಡೋಣ, ಮುಂದಿನ ತಿಂಗಳು ತೆರೆಯಬಹುದು" ಎಂದು ಕಾಯುವುದರಲ್ಲೇ ಹೆಚ್ಚಿನ ದುಡ್ಡು ಹೋಗುವುದು. ಸುತ್ತೋಲೆಯ ಪ್ರತಿಯೊಂದಿಗೆ, ಯಾವ ದಿನ ಖಾಲಿ ಮಾಡುತ್ತೀರಿ ಎಂದು ತಾರೀಖು ಹಾಕಿ ಬರೆಯಿರಿ. ಫೋನಿನಲ್ಲಿ "ಆಯ್ತಪ್ಪ, ನೋಡೋಣ ಬಿಡು" ಎಂದರೆ ಅದು ಒಪ್ಪಿಗೆಯಲ್ಲ. ಮಾತಾದ ಮೇಲೆ "ಸರ್, ಈಗ ಮಾತಾಡಿದಂತೆ ಏಪ್ರಿಲ್ ಬಾಡಿಗೆ ಅರ್ಧ ಎಂದಾಗಿದೆ" ಎಂದು ಮೆಸೇಜ್ ಹಾಕಿ ಉತ್ತರ ತರಿಸಿಕೊಳ್ಳಿ. ಬರಲಾಗದಿದ್ದರೆ ನಂಬಿಕೆಯ ಒಬ್ಬರಿಗೆ ಅಧಿಕಾರ ಪತ್ರ ಕೊಟ್ಟು, ವಿಡಿಯೊ ಕಾಲ್‌ನಲ್ಲಿ ಗೋಡೆ, ನಲ್ಲಿ, ಸ್ವಿಚ್, ಮೀಟರ್ ರೀಡಿಂಗ್ ಎಲ್ಲ ರೆಕಾರ್ಡ್ ಮಾಡಿ, ಬೀಗದ ಕೈ ಕೊಟ್ಟದ್ದಕ್ಕೆ ಬರಹದಲ್ಲಿ ಸ್ವೀಕೃತಿ ಪಡೆಯಿರಿ. ಬೀಗದ ಕೈ ನಿಮ್ಮ ಹತ್ತಿರ ಇರುವವರೆಗೂ ಮನೆ ನಿಮ್ಮ ಸ್ವಾಧೀನದಲ್ಲೇ ಇದೆ ಎಂದು ಮಾಲೀಕರು ವಾದಿಸಬಹುದು.

ಎರಡು ವಿಷಯ ನಿಮ್ಮ ಪರ ಇವೆ. ನೀವು ಊರಲ್ಲಿದ್ದಾಗಲೇ 11 ತಿಂಗಳ ಕರಾರು ಮುಗಿದು, ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಲೇ ಇದ್ದರೆ ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ 15 ದಿನಗಳ ನೋಟಿಸ್ ಸಾಕು. ಲಾಕ್-ಇನ್ ದಂಡವೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯಯುತ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ. ನೀವು ಬಿಟ್ಟ ಮುಂದಿನ ತಿಂಗಳೇ ಮನೆ ಬೇರೆಯವರಿಗೆ ಹೋಗಿದ್ದರೆ, ಉಳಿದ ತಿಂಗಳುಗಳ ಬಾಡಿಗೆ ಕೇಳಲು ಮಾಲೀಕರಿಗೆ ಗಟ್ಟಿ ಆಧಾರ ಉಳಿಯುವುದಿಲ್ಲ. ಮನೆ ಮತ್ತೆ ಬಾಡಿಗೆಗೆ ಹಾಕಿದ ಜಾಹೀರಾತು ಕಂಡರೆ, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ.