ಎಲ್ಲರಿಗೂ ಒಬ್ಬ ಒಳ್ಳೆಯ ರೋಮಾ ಗೊತ್ತು

"ನೀನು ಹೊಸದಾಗಿ ಬಂದಾಗ ಜಿಪ್ಸಿ ಹುಡುಗಿ ಅಂದ್ಕೊಂಡು ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದ್ದೆ. ಆಮೇಲೆ ಗೊತ್ತಾಯ್ತು, ನೀನು ಭಾರತದವಳು ಅಂತ."

ಪಕ್ಕದ ಮನೆ ಅಜ್ಜಿ ಮೊನ್ನೆ ಹೀಗಂದರು. ಕೈಯಲ್ಲಿ ನನಗಂತಲೇ ಮಾಡಿದ ಪ್ಲಮ್ ಕೇಕ್, ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಅವರು ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

"ಅಜ್ಜಿ, ಅವರ ಹಿರಿಯರೂ ಭಾರತದಿಂದಲೇ ಹೊರಟವರು, ಸುಮಾರು ಸಾವಿರ ವರ್ಷದ ಹಿಂದೆ" ಅಂದೆ. "ಇರಬಹುದು. ಆದರೆ ನೀನು ಓದಿದವಳು, ಅವರ ಹಾಗಲ್ಲ" ಅಂದರು.

ನಾನಿರುವುದು ಚೆಕ್ ದೇಶದ ಬ್ರನೋದಲ್ಲಿ. ಅಜ್ಜಿ ಜಿಪ್ಸಿ ಅಂದ ಆ ರೋಮಾ ಜನರ ಬಗ್ಗೆ ಇಲ್ಲಿಯವರು ಏನಂದುಕೊಂಡಿದ್ದಾರೆ ಅನ್ನೋದೇ ನನ್ನ ಎಂ.ಎ. ಪ್ರಬಂಧದ ವಿಷಯ. ಪ್ರಶ್ನೆಗಳಿಗೆ ಆಧಾರ ಅಮೆರಿಕದ ಸಮಾಜಶಾಸ್ತ್ರಜ್ಞ ಬೊಗಾರ್ಡಸ್ 1920ರ ದಶಕದಲ್ಲಿ ಮಾಡಿದ ಅಳತೆಪಟ್ಟಿ. ಇವರ ಜೊತೆ ಮದುವೆ ಸಂಬಂಧ ಒಪ್ಪುತ್ತೀರಾ? ಗೆಳೆತನ? ಪಕ್ಕದ ಮನೆ? ಒಂದೇ ಆಫೀಸು? ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ "ದೇಶದಲ್ಲೇ ಬೇಡ" ಅನ್ನುವವರೆಗೆ. ಇಂಥ ಪ್ರಶ್ನೆ ಕೇಳಿದಾಗ ಜನ ಸಾಮಾನ್ಯವಾಗಿ ಒಳ್ಳೆಯವರಂತೆ ಕಾಣಲು ಸ್ವಲ್ಪ ಮೆತ್ತಗೆ ಉತ್ತರಿಸುತ್ತಾರೆ ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ರೋಮಾ ಅಂದ ಕೂಡಲೇ ಆ ಸಂಕೋಚವೂ ಉಳಿಯಲ್ಲ. ಕಾಫಿ ಕುಡಿಯುತ್ತಾ, ನಗುನಗುತ್ತಾ, ಹವಾಮಾನದ ಬಗ್ಗೆ ಮಾತಾಡಿದ ಹಾಗೆ ಹೇಳಿಬಿಡುತ್ತಾರೆ.

"ಅವರು ಮಕ್ಕಳನ್ನ ಓದಿಸಲ್ಲ" ಅಂತಾರೆ. ಒಸ್ತ್ರಾವಾ ಊರಿನ 18 ರೋಮಾ ಮಕ್ಕಳ ಪರವಾಗಿ ಹೂಡಿದ ಮೊಕದ್ದಮೆಯಲ್ಲಿ 2007ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ತೀರ್ಪು ಕೊಟ್ಟಿತು. ಬುದ್ಧಿ ಬೆಳೆಯದ ಮಕ್ಕಳಿಗೆಂದೇ ಇದ್ದ ವಿಶೇಷ ಶಾಲೆಗಳಿಗೆ ಅವರನ್ನು ಹಾಕಿದ್ದು ತಾರತಮ್ಯ ಅಂತ. ಆ ಊರಲ್ಲಿ ಒಂದು ರೋಮಾ ಮಗು ಅಂಥ ಶಾಲೆ ಸೇರುವ ಸಾಧ್ಯತೆ ಬೇರೆ ಮಕ್ಕಳಿಗಿಂತ 27 ಪಟ್ಟು ಜಾಸ್ತಿ ಇತ್ತು! "ಎಲ್ಲಿಂದಲೋ ಬಂದು ನಮ್ಮ ತಲೆ ಮೇಲೆ ಕೂತರು" ಅಂತಾರೆ. ಮೊದಲಿಂದ ಇಲ್ಲೇ ಇದ್ದ ರೋಮಾಗಳಲ್ಲಿ ಹೆಚ್ಚುಕಮ್ಮಿ ಎಲ್ಲರನ್ನೂ ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಕೊಂದಿದ್ದರು. ಈಗಿರುವವರಲ್ಲಿ ಬಹಳಷ್ಟು ಜನ ಯುದ್ಧದ ನಂತರ ಸ್ಲೊವಾಕಿಯಾದಿಂದ ಬಂದವರು, ಕಾರ್ಖಾನೆಗಳಲ್ಲಿ ದುಡಿದವರು. ಯುದ್ಧದ ಸಮಯದಲ್ಲಿ ಲೇಟಿ ಅನ್ನೋ ಹಳ್ಳಿಯ ಸೆರೆಶಿಬಿರದಲ್ಲಿ 1,300ಕ್ಕೂ ಹೆಚ್ಚು ರೋಮಾಗಳನ್ನು ಕೂಡಿಹಾಕಿದ್ದರು. ಕಾವಲಿಗಿದ್ದವರು ಚೆಕ್ ಪೊಲೀಸರೇ. 300ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು, ನೂರಾರು ಜನರನ್ನು ನಾಜಿಗಳ ಕೊಲೆಶಿಬಿರ ಆಶ್ವಿಟ್ಜ್‌ಗೆ ಸಾಗಿಸಿದರು. ಅದೇ ಜಾಗದಲ್ಲಿ 1970ರ ದಶಕದಲ್ಲಿ ಹಂದಿ ಫಾರಂ ಕಟ್ಟಿದರು. ಅದನ್ನು ಕೆಡವಿ ಸ್ಮಾರಕ ತೆರೆಯಲು 2024 ಆಗಬೇಕಾಯ್ತು.

ಇದೆಲ್ಲ ಗೊತ್ತಿದ್ದವರೂ ಮನಸ್ಸು ಬದಲಾಯಿಸಲ್ಲ. ಯಾಕೆ ಅಂದರೆ, ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರಿಗೆ ಒಬ್ಬ ಒಳ್ಳೆಯ ರೋಮಾ ಗೊತ್ತು. ಜೊತೆಗೆ ಕೆಲಸ ಮಾಡಿದವನು, ಪಿಟೀಲು ನುಡಿಸುವವನು, ಅಮ್ಮನನ್ನು ಆಸ್ಪತ್ರೆಯಲ್ಲಿ ನೋಡಿಕೊಂಡ ನರ್ಸ್. "ಆದರೆ ಅವನು ಬೇರೆ" ಅಂತ ಸೇರಿಸುತ್ತಾರೆ. ಒಬ್ಬನನ್ನು ಹೊರಗಿಟ್ಟರೆ ಉಳಿದವರ ಬಗ್ಗೆ ಏನು ಬೇಕಾದರೂ ಅನ್ನಬಹುದು, ಮನಸ್ಸಿಗೆ ಚುಚ್ಚೋದೂ ಇಲ್ಲ. ಅಜ್ಜಿ ನನ್ನನ್ನು ಇಟ್ಟಿದ್ದೂ ಅದೇ ಜಾಗದಲ್ಲಿ.

ಅಲ್ಲಿಂದ ನನ್ನ ತಲೆ ನೇರ ಹುಬ್ಬಳ್ಳಿಗೆ ಹೋಯ್ತು. ನಮ್ಮೂರಲ್ಲಿ ಸೆಟ್ಲಮೆಂಟ್ ಅಂತ ಒಂದು ಏರಿಯಾ ಇದೆ. ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಬರೆದಿಟ್ಟರು. ಆಮೇಲೆ ಗಂಟಿಚೋರರು, ಕೊರವರು ಇಂಥವರನ್ನೆಲ್ಲ ಬೇಲಿ ಹಾಕಿದ ವಸಾಹತುಗಳಲ್ಲಿ, ಅಂದರೆ ಸೆಟ್ಲಮೆಂಟುಗಳಲ್ಲಿ, ಇಟ್ಟು ದಿನಾ ಹಾಜರಿ ತಗೊಂಡರು. 1952ರಲ್ಲಿ ಆ ಕಾನೂನು ಹೋಯ್ತು. ಹೆಸರು ಹೋಗಲಿಲ್ಲ. ನಾನು ಚಿಕ್ಕವಳಿದ್ದಾಗ ಓಣಿಯಲ್ಲಿ ಸೈಕಲ್ ಕಳೆದರೆ ಮೊದಲು ಬಾಯಿಗೆ ಬರುತ್ತಿದ್ದುದು "ಸೆಟ್ಲಮೆಂಟ್ ಮಂದಿ". ನಮ್ಮ ಮನೆಗೆ ಬಣ್ಣ ಹೊಡೆಯಲು ಬರುತ್ತಿದ್ದ ಕಾಕಾ ಅಲ್ಲಿಯವರೇ. ಅವರಿಗೆ ಅವ್ವ ಮನೆ ಕೀಲಿ ಕೊಟ್ಟು ಊರಿಗೆ ಹೋಗುತ್ತಿದ್ದಳು. "ಅಂವ ಹಂಗಲ್ಲ, ಅಂವ ಬ್ಯಾರೆ" ಅನ್ನುತ್ತಿದ್ದಳು.

ಈ ವಾರ ಫೋನಿನಲ್ಲಿ ಸೆಟ್ಲಮೆಂಟ್ ಮಂದಿ ಬಗ್ಗೆ ಅವ್ವನಿಗೇ ಅದೇ ಪ್ರಶ್ನೆಗಳನ್ನು ಕೇಳಿದೆ. ಕೆಲಸ, ಗೆಳೆತನ, ಊಟ ಎಲ್ಲಕ್ಕೂ ಹೂಂ ಅಂದಳು. ಮೇಲಿನ ಮನೆ ಅವರಿಗೆ ಬಾಡಿಗೆಗೆ ಕೊಡ್ತೀಯಾ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದಳು. "ಕಾಕಾಗ ಆದ್ರ ಕೊಡ್ತೀನವಾ. ಉಳದವ್ರದು ಬ್ಯಾರೆ ಮಾತು" ಅಂದಳು. ಅವ್ವ ಕೆಟ್ಟವಳಲ್ಲ. ಅಜ್ಜಿಯೂ ಅಲ್ಲ. ಅದಕ್ಕೇ ನನಗೆ ಇಷ್ಟು ಚಿಂತೆ.

ಇಲ್ಲಿ ಇಂಥ ಸಮೀಕ್ಷೆ ಆಗಾಗ ಆಗುತ್ತದೆ, ಪೇಪರಿನಲ್ಲಿ ಬರುತ್ತದೆ, ಜನ ಜಗಳ ಆಡುತ್ತಾರೆ. ನಮ್ಮಲ್ಲಿ ಯಾರು ಯಾರಿಗೆ ಮನೆ ಕೊಡಲ್ಲ ಅಂತ ಎಲ್ಲರಿಗೂ ಗೊತ್ತು, ಕೇಳೋರು ಕಡಿಮೆ. ಧಾರವಾಡದಲ್ಲೋ ಗದಗದಲ್ಲೋ ಸಮಾಜಶಾಸ್ತ್ರ ಓದುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಬರೆಯಿರಿ. ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟಿದ್ದೇನೆ, ಕಳಿಸುತ್ತೇನೆ. ಬಾಡಿಗೆ ಮನೆ ಪ್ರಶ್ನೆ ಮಾತ್ರ ಬಿಡಬೇಡಿ. ಅದನ್ನು ಕೇಳುವಾಗ "ನಿಮಗೆ ಗೊತ್ತಿರುವವರಿಗಲ್ಲ, ಗೊತ್ತಿಲ್ಲದವರಿಗೆ" ಅಂತ ಸೇರಿಸಿ ಕೇಳಿ.